ನಿರ್ವಾಹಕರನ್ನು ಸಂಪರ್ಕಿಸಿ

ಜೂನಿನಲ್ಲಿ ನಮ್ಮ ಲ್ಯಾಬಿಗೆ ಜರಡಿ ಬಂತು,
ಎರಡು ಖಾನೆಯ ತಂತ್ರಾಂಶ:
ಎಡಕ್ಕೆ ಬಿಡು, ಬಲಕ್ಕೆ ತಡೆ.
ಹೆಡ್‌ಮಾಸ್ಟರ್ ಉತ್ತಯ್ಯ ಕನ್ನಡಕ ಒರೆಸುತ್ತ ಹೇಳಿದರು,
‘ಚೋಂದವ್ವ, ಕೆಟ್ಟ ಪದ ಎಷ್ಟು ಗೊತ್ತೋ ಅಷ್ಟೂ ಹಾಕಿ.’
ಐವತ್ತೆರಡು ವರ್ಷದಲ್ಲಿ ಯಾರೂ
ನನ್ನಿಂದ ಇಂಥ ವಿದ್ಯೆ ಕೇಳಿರಲಿಲ್ಲ.
ನಲವತ್ತು ಹಾಕಿದೆ. ನಲವತ್ತೊಂದನೆಯದಕ್ಕೆ ನಾಚಿಕೆಯಾಗಿ
ಕಿಟಕಿಯಾಚೆ ನೋಡಿದೆ: ನಾಪೋಕ್ಲು ಪೇಟೆಯಲ್ಲಿ
ಯಾರೋ ಹಂದಿಮಾಂಸ ತೂಗಿಸುತ್ತಿದ್ದರು.

ಯಂತ್ರಕ್ಕೆ ಪದ ಗೊತ್ತು, ಪದದ ನೆಂಟರು ಗೊತ್ತಿಲ್ಲ.
ವಿಷ ತಡೆದೆ, ವಿಷಯ ನಿಂತಿತು,
ಐಚ್ಛಿಕ ವಿಷಯ, ವಿಷಯಸೂಚಿ ಎಲ್ಲ ಬಾಗಿಲಾಚೆ.
ಕಾಮ ತಡೆದೆ. ರಂಶಾದನಿಗೆ ಕಾಮನಬಿಲ್ಲು ಸಿಗಲಿಲ್ಲ,
ಪಂಚಾಯತಿಯ ಕಾಮಗಾರಿ ಸಿಗಲಿಲ್ಲ,
ಅವನಜ್ಜಿಯ ಕಾಮಾಲೆಗೆ ಪಥ್ಯ ಸಿಗಲಿಲ್ಲ.
ರತಿ ತಡೆದ ದಿನ
ಎಂಟನೆಯ ಕ್ಲಾಸಿನ ಆರತಿ ತನ್ನ ಹೆಸರು ಹೊಡೆದು ನೋಡಿ
ಬೆಪ್ಪಾಗಿ ಕೂತಿದ್ದಳು. ‘ಮಿಸ್, ನಾನು ಕೆಟ್ಟವಳಾ?’
ಅವಳನ್ನು ಕೂಡಲೇ ಎಡಕ್ಕೆ ತಂದೆ.
ದಿನವೂ ಇದೇ ಕೆಲಸ: ಕಲ್ಲು ಆರಿಸಿ ಬಿಸುಟು
ಕಲ್ಲಿನ ಜೊತೆ ಹೋದ ಅಕ್ಕಿಯನ್ನು
ಅಂಗಳದಿಂದ ವಾಪಸು ಆರಿಸುವುದು.

ಕೋವಿ ನಾನು ಹಾಕಿದ್ದಲ್ಲ. ಕಂಪನಿಯದೇ.
ಕೊಡಗಿನಲ್ಲಿ ಕೋವಿ ತಡೆಯುವುದೆಂದರೆ
ಕಡಲೂರಿನಲ್ಲಿ ಮೀನು ತಡೆದ ಹಾಗೆ.
ಹುಟ್ಟಿಗೆ ಒಂದು ಗುಂಡು, ಸಾವಿಗೆ ಎರಡು.
ಅಜ್ಜ ಹೋದ ಬೆಳಿಗ್ಗೆ ಎರಡನೆಯದಕ್ಕೆ ಕಾಯುತ್ತ
ಒಲೆಯ ಮುಂದೆ ಉಸಿರು ಹಿಡಿದಿದ್ದೆ, ನೆನಪಿದೆ.
ಕೈಲ್‌ಪೊಳ್ದ್ ಪ್ರಬಂಧಕ್ಕೆ ಈ ಸಲ ಕೋವಿ ಇಲ್ಲ,
ನಳಿಕೆಗೆ ಸಿಕ್ಕಿಸುವ ತೋಕ್ ಪೂ ಇಲ್ಲ,
ಮಕ್ಕಳು ಪಾಪ, ಕಡಂಬುಟ್ಟು ಒಂದನ್ನೇ
ಮೂರು ಪುಟ ಬೇಯಿಸಿದರು.
ಕೋವಿಯನ್ನೂ ಎಡಕ್ಕೆ ತರೋಣವೆಂದು
ಶನಿವಾರ ಲಾಗ್ ತೆರೆದೆ.

ಏಳನೆಯ ಕಂಪ್ಯೂಟರು. ಮೂರು ಹತ್ತು.
ಕೋವಿ ಎಲ್ಲಿ ಅಡಗಿಸುವುದು
ಮೂರು ಹನ್ನೊಂದು.
ಕೊವಿ ಅಡಗಿಸಲು ಜಾಗ
(ದೀರ್ಘ ಬಿಟ್ಟಿದ್ದಕ್ಕೆ ಜರಡಿ ಬಿಟ್ಟಿತು,
ಸಿಕ್ಕಿದ್ದು ಕೊವಿಡ್ ಲಸಿಕೆಯ ಪುಟ.)
ಮೂರು ಹದಿಮೂರು.
ಅಪ್ಪ ಕುಡಿದು ಬಂದಾಗ ಕೋವಿ ಅಮ್ಮನ
ಅಷ್ಟೇ. ಬೆಲ್ ಹೊಡೆದಿರಬೇಕು.

ಅದಕ್ಕೆ ಯಂತ್ರ ಕೊಟ್ಟ ಉತ್ತರವೂ ಅಲ್ಲೇ ಇದೆ:
ಈ ಪದವನ್ನು ನಿರ್ಬಂಧಿಸಲಾಗಿದೆ. ನಿರ್ವಾಹಕರನ್ನು ಸಂಪರ್ಕಿಸಿ.

ನಿರ್ವಾಹಕರು!
ಬಸ್ಸಿನಲ್ಲಿ ಟಿಕೆಟ್ ಹರಿಯುವವರು
ಅಂದುಕೊಂಡಿತೋ ಏನೋ ಮಗು.

ಏಳರಲ್ಲಿ ಆ ಹೊತ್ತು ಮೂವರು ಕೂರುತ್ತಾರೆ.
ಮೂರೂ ಮನೆಯ ಗೋಡೆ ನಾನು ಕಂಡಿದ್ದೇನೆ,
ಮೂರರಲ್ಲೂ ಮೊಳೆ ಇದೆ, ಮೊಳೆಗೆ ತೂಗುವುದೂ ಇದೆ.

ಬಿಟ್ಟಿದ್ದರೆ ತಾನೇ ಏನು ಸಿಗುತ್ತಿತ್ತು?
ಮಾರಾಟಕ್ಕಿಟ್ಟ ಕಬ್ಬಿಣದ ಪೆಟ್ಟಿಗೆ,
ಪರವಾನಗಿಯ ನಿಯಮ, ಬೇಟೆಯ ವಿಡಿಯೊ.
ಬೇಲಿ ಕಿತ್ತರೂ ಆಚೆಗೆ ಮನೆಯೊಂದಿರಬೇಕಲ್ಲ.

ಹಬ್ಬದ ಜೊತೆ ಬಂದ ಕೋವಿಯನ್ನು ಬಿಟ್ಟೆ,
ಒಂಟಿ ಕೋವಿಯನ್ನು ತಡೆದೇ ಇಟ್ಟೆ.
ಸೆಟ್ಟಿಂಗ್ಸ್‌ನ ತೀರಾ ಕೆಳಗೆ, ಯಾರೂ ಮುಟ್ಟದ ಕಡೆ,
ತಡೆಯ ಪುಟದ ಮಾತು ತಿದ್ದುವ ಡಬ್ಬಿಯೊಂದಿತ್ತು.
ಎರಡು ಬೆರಳಲ್ಲಿ ಕುಟ್ಟಿದೆ:

ನಿರ್ವಾಹಕರು ಅಂದರೆ ನಾನು, ಚೋಂದವ್ವ ಮಿಸ್.
ಪಕ್ಕದ ಕೋಣೆ. ಐದೂವರೆಯವರೆಗೆ ಇರುತ್ತೇನೆ.
ಕೇಳಿದ್ದನ್ನು ಬರೆದಿಡುವುದಿಲ್ಲ.
ನನ್ನ ಮನೆಯ ಬೀರುವಿಗೆ ಎರಡು ಬೀಗ.

ಕೊನೆಯ ಸಾಲು ಅಳಿಸಿದೆ. ಮತ್ತೆ ಬರೆದೆ.

ಸೋಮವಾರ. ಐದೂವರೆ. ಐದು ನಲವತ್ತು.
ಲೋಟದ ಕಾಫಿಗೆ ಕೆನೆ ಕಟ್ಟಿತು.
ಬಂದವನು ರಂಶಾದ್:
‘ಮಿಸ್, ಕಾಮಾಲೆ ಇನ್ನೂ ಬರ್ತಾ ಇಲ್ಲ.’
ನಗು ಬಂತು. ಬರೆದುಕೊಳ್ಳಲು ಪೆನ್ನು ಹುಡುಕುತ್ತ
ತಲೆ ಎತ್ತಿದರೆ ಅವನ ಬೆನ್ನ ಹಿಂದೆ
ಹೊಸ್ತಿಲ ಮೇಲೆ ಇನ್ನೊಂದು ಕಾಲು,
ಒಳಗೂ ಇಡದೆ, ಹಿಂದಕ್ಕೂ ತೆಗೆಯದೆ.